ಎಳೆ ಎಣಿಸಿ ಕಟ್ಟಿದ ಪುಟ

ಸ್ವಂತದ್ದೊಂದು ವೆಬ್‌ಸೈಟ್ ಬೇಕು ಅನ್ನಿಸಿದ ಕೂಡಲೇ ಎಲ್ಲರೂ ಮಾಡುವ ಮೊದಲ ಕೆಲಸ ಮಂದಿಯ ವೆಬ್‌ಸೈಟ್ ನೋಡುವುದು. ಟೆಂಪ್ಲೇಟುಗಳಿಗೆ ಬರವಿಲ್ಲ. ಮೇಲೆ ಅಗಲವಾದ ಫೋಟೊ, ಅದರ ಮೇಲೆ ದಪ್ಪಕ್ಷರದ ಹೆಸರು, ಕೆಳಗೆ ಮೂರು ಚೌಕ. ನೋಡುತ್ತ ಹೋದಂತೆ ಎಲ್ಲವೂ ಒಂದೇ ಮುಖವಾಗಿಬಿಡುತ್ತವೆ. ನನಗೆ ದಾರಿ ತೋರಿಸಿದ್ದು ಅಜ್ಜಿಯ ಚಂದ್ರಕಾಳಿ ಸೀರೆ.

ಧಾರವಾಡದ ಕಡೆ ಈ ಕರಿ ಸೀರೆಯ ಮೇಲೆ ಹೆಣ್ಣುಮಕ್ಕಳು ಕಸೂತಿ ಹಾಕುತ್ತಿದ್ದರು. ಕಸೂತಿಗೆ ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವ ರೂಢಿಯಿಲ್ಲ. ನೇಯ್ಗೆಯ ಎಳೆಗಳನ್ನು ಎಣಿಸುತ್ತ ಸೂಜಿ ಸಾಗಬೇಕು. ಗೋಪುರ, ತೇರು, ಆನೆ, ತುಳಸಿಕಟ್ಟೆ ಎಲ್ಲವೂ ಅಡ್ಡ, ಉದ್ದ, ಓರೆ ಗೆರೆಗಳಲ್ಲೇ ಮೂಡಬೇಕು. ಇಷ್ಟು ಬಿಗಿಯಾದ ಕಟ್ಟಿನಲ್ಲಿ ಅಷ್ಟೊಂದು ಜೀವ ತುಂಬಿದ ಕೈಗಳ ಬಗ್ಗೆ ನನಗೆ ಇವತ್ತಿಗೂ ಬೆರಗು. ಗವಂತಿ, ಮುರಗಿ ಹೊಲಿಗೆಗಳಲ್ಲಿ ಗಂಟು ಹಾಕುವುದಿಲ್ಲ. ಹೋದ ದಾರಿಯಲ್ಲೇ ಸೂಜಿ ಮರಳಿ ಬಂದು ಬಿಟ್ಟ ಜಾಗವನ್ನು ತುಂಬುತ್ತದೆ. ಸೀರೆ ಮಗುಚಿ ನೋಡಿದರೆ ಹಿಂದೆಯೂ ಅದೇ ಗೋಪುರ.

ಸೀರೆಯಿಂದ ಬಣ್ಣ ತೆಗೆದುಕೊಂಡೆ: ಕಪ್ಪು ನೆಲ, ಬಿಳಿ ಅಕ್ಷರ, ಲಿಂಕುಗಳಿಗೆ ಒಂದು ಕೆಂಪು. ಆದರೆ ಮನಸ್ಸಿನಲ್ಲಿ ನಿಂತದ್ದು ಆ ಹಿಂಬದಿ. ವೆಬ್ ಪುಟಕ್ಕೂ ಹಿಂಬದಿಯಿದೆ, ಅದು ಕೋಡ್. ಕಣ್ಣು ಕಾಣದವರಿಗೆ ಪುಟವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಆ ಬದಿಯಿಂದಲೇ ಓದುತ್ತದೆ. ಶೀರ್ಷಿಕೆಯನ್ನು ಶೀರ್ಷಿಕೆಯೆಂದೇ ಗುರುತು ಮಾಡದೆ ಬರೀ ಅಕ್ಷರ ದಪ್ಪ ಮಾಡಿದರೆ, ಚಿತ್ರಕ್ಕೆ ಎರಡು ಮಾತಿನ ವಿವರಣೆ ಬರೆಯದೆ ಬಿಟ್ಟರೆ, ಅವರ ಪಾಲಿಗೆ ಪುಟ ಅರ್ಧ ಮೂಕ. ಪ್ರತಿ ಚಿತ್ರಕ್ಕೂ ಕನ್ನಡದಲ್ಲೇ ವಿವರಣೆ ಬರೆದೆ. ಇಡೀ ಕೆಲಸದಲ್ಲಿ ಹೆಚ್ಚು ಖುಷಿ ಕೊಟ್ಟದ್ದು ಅದೇ.

ಇನ್ನೊಂದು ಸ್ಫೂರ್ತಿ 1991ರದ್ದು. ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ರೂಪಿಸಿ ಜಗತ್ತಿಗೆ ತೆರೆದಿಟ್ಟ ಮೊದಲ ವೆಬ್‌ಸೈಟಿನಲ್ಲಿ ಚಿತ್ರವಿಲ್ಲ, ಅಲಂಕಾರವಿಲ್ಲ. ಬರಹ ಮತ್ತು ಲಿಂಕುಗಳು ಮಾತ್ರ. 2013ರಲ್ಲಿ ಸರ್ನ್ ಅದನ್ನು ಹಳೆಯ ವಿಳಾಸದಲ್ಲೇ ಮತ್ತೆ ನಿಲ್ಲಿಸಿತು. ಇವತ್ತಿನ ಬ್ರೌಸರಿನಲ್ಲೂ ಅದು ತೆರೆಯುತ್ತದೆ.

ಎಲ್ಲಕ್ಕಿಂತ ಹೆಚ್ಚು ತಿದ್ದಿದ್ದು ನಮ್ಮ ಅಕ್ಷರ. ಬಹುಪಾಲು ಟೆಂಪ್ಲೇಟುಗಳು ಇಂಗ್ಲಿಷಿನ ಅಳತೆಗೆ ಹೊಲಿದವು. ಅವುಗಳಲ್ಲಿ ‘ಸ್ವಾತಂತ್ರ್ಯ’, ‘ರಾಷ್ಟ್ರ’ ಎಂದು ಬರೆದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಸಾಲುಗಳ ಅಂತರವನ್ನು ಅಕ್ಷರದ ಗಾತ್ರದ 1.8 ಪಟ್ಟಿಗೆ ಏರಿಸಿದ ಮೇಲೆಯೇ ಪುಟ ಸಡಿಲವಾಯಿತು. ಇಂಗ್ಲಿಷಿನವರಂತೆ ದೊಡ್ಡಕ್ಷರದಲ್ಲಿ ಒತ್ತಿ ಹೇಳಲು ನಮ್ಮಲ್ಲಿ ದೊಡ್ಡಕ್ಷರವೇ ಇಲ್ಲ. ಓರೆ ಅಕ್ಷರ ಕನ್ನಡದ ದುಂಡುತನಕ್ಕೆ ಒಗ್ಗುವುದಿಲ್ಲ. ಉಳಿದದ್ದು ಗಾತ್ರ, ದಪ್ಪ, ಬಣ್ಣ. ಅಷ್ಟು ಧಾರಾಳವಾಗಿ ಸಾಕು.

ನೀವೂ ಸೈಟ್ ಕಟ್ಟಲು ಹೊರಟಿದ್ದರೆ ಒಂದು ಮಾತು. ಟೆಂಪ್ಲೇಟ್ ಆರಿಸುವ ಮೊದಲು ನಿಮ್ಮದೇ ಬರಹದಿಂದ ಒತ್ತಕ್ಷರ ತುಂಬಿದ ಒಂದು ಪ್ಯಾರಾ ಅದರಲ್ಲಿ ಹಾಕಿ, ಮೊಬೈಲಿನಲ್ಲಿ ತೆರೆದು ಮನೆಯ ಹಿರಿಯರೊಬ್ಬರ ಕೈಗೆ ಕೊಡಿ. ಅವರು ತಡವರಿಸದೆ ಓದಿದರೆ ಇಟ್ಟುಕೊಳ್ಳಿ. ಇಲ್ಲವಾದರೆ ಅದು ಎಷ್ಟೇ ಚಂದವಿದ್ದರೂ ಬಿಟ್ಟುಬಿಡಿ.