ತಾಂಡಾದ ಮಕ್ಕಳಿಗೆ ಯಾವ ಸಿಲಬಸ್?

ಸ್ಕೀಮ್ ಬದಲಾದಾಗಲೆಲ್ಲ ಸಿಲಬಸ್ ಜಾಸ್ತಿಯಾಯ್ತು ಅಂತ ನಾವೆಲ್ಲ ಗೊಣಗುತ್ತೇವೆ. ಆದರೆ ಸಿಲಬಸ್ಸೇ ಇಲ್ಲದ ಭಾಷೆಯೊಂದು ನಮ್ಮ ಹಾಸ್ಟೆಲಿನಲ್ಲೇ ಇದೆ. ಸೇಡಂ, ಚಿಂಚೋಳಿ ಕಡೆಯ ತಾಂಡಾಗಳಿಂದ ಬಂದ ನಮ್ಮ ಮನೆಮಾತು ಲಂಬಾಣಿ. ನಾವು ಅದನ್ನು ಗೋರ್ ಬೋಲಿ ಅಂತೀವಿ. 2011ರ ಜನಗಣತಿಯಲ್ಲಿ ಲಂಬಾಣಿ ನಮ್ಮ ಮಾತೃಭಾಷೆ ಅಂತ ಬರೆಸಿದವರು 32 ಲಕ್ಷಕ್ಕೂ ಹೆಚ್ಚು. ಅವರನ್ನೆಲ್ಲ ಹಿಂದಿಯ ಕೆಳಗೆ ಸೇರಿಸಿ ಎಣಿಸಿದ್ದಾರೆ.

ಮನೆಯಲ್ಲಿ ಅವ್ವ ಅಂದರೆ ‘ಯಾಡಿ’, ರೊಟ್ಟಿ ಅಂದರೆ ‘ಬಾಟಿ’. ಒಂದನೇ ಕ್ಲಾಸಿನ ಮೊದಲ ದಿನ ಈ ಎರಡೂ ಶಬ್ದ ಶಾಲೆಯ ಬಾಗಿಲ ಹೊರಗೇ ಉಳಿಯುತ್ತವೆ. ತಾಯಿ-ತಂದೆ ದುಡಿಯಲು ಪುಣೆಗೆ ಹೋದರೆ ಮಗುವಿಗೆ ಮರಾಠಿ ಶಾಲೆ. ಗಡಿಯಾಚೆ ತಾಂಡೂರಿನ ಕಡೆ ಇರುವ ಬಂಧುಗಳ ಮಕ್ಕಳಿಗೆ ತೆಲುಗು. ಹಬ್ಬಕ್ಕೆ ಎಲ್ಲರೂ ಸೇರಿದಾಗ ಆಡಲು ಮಾತು ಒಂದೇ, ಬರೆಯಲು ಲಿಪಿ ಮೂರು. ವಾಟ್ಸಾಪ್‌ನಲ್ಲಂತೂ ಇಂಗ್ಲಿಷ್ ಅಕ್ಷರವೇ ಗತಿ.

ಇದಕ್ಕೆ ದಾರಿ ಹುಡುಕುವಾಗ ನಮಗೆ ನೆನಪಾದವರು ಸಿಖ್ಖರು. ಬೀದರಿನ ನಾನಕ್ ಝೀರಾ ನಮ್ಮವರಿಗೆ ದೂರದ್ದೇನಲ್ಲ. ಸಿಖ್ ಮಕ್ಕಳ ಪಾಠಕ್ಕೆ ಎರಡು ಆಸರೆಗಳಿವೆ: 16ನೇ ಶತಮಾನದಲ್ಲಿ ಗುರು ಅಂಗದ್ ದೇವ್ ಒಪ್ಪ ಮಾಡಿದ ಗುರುಮುಖಿ ಲಿಪಿ, ಮತ್ತು 1945ರಲ್ಲಿ ಶಿರೋಮಣಿ ಗುರುದ್ವಾರಾ ಪ್ರಬಂಧಕ ಸಮಿತಿ ಒಪ್ಪಿದ ರೆಹತ್ ಮರ್ಯಾದಾ. ಹಾಗಾಗಿ ಮಗು ಬೀದರಿನಲ್ಲಿರಲಿ, ಕೆನಡಾದಲ್ಲಿರಲಿ, ಯಾವ ಅಕ್ಷರ, ಯಾವ ಅರದಾಸ್ ಕಲಿಸಬೇಕು ಅನ್ನೋದಕ್ಕೆ ಒಂದು ತಳಹದಿ ಇದೆ. ನಮ್ಮ ಸೇವಾಲಾಲರ ಭೋಗಿನಲ್ಲೂ ಅರದಾಸ್ ಇದೆ. ಆದರೆ ಅದು ಹಿರಿಯರ ಬಾಯಲ್ಲಿದೆ, ತಾಂಡಾದಿಂದ ತಾಂಡಾಕ್ಕೆ ಅದರ ನುಡಿ ಬದಲಾಗುತ್ತದೆ.

ಮೊದಲು ಲಿಪಿ ಯಾವುದು ಅಂತ ಗೊತ್ತು ಮಾಡೋಣ, ಆಮೇಲೆ ಪಾಠ ಅನ್ನುವವರಿದ್ದಾರೆ. ನಾವು ಹೇಳೋದು, ಲಿಪಿಗಾಗಿ ಕಾಯುವುದು ಬೇಡ. ಎಲ್ಲೆಡೆ ಒಂದೇ ಆಗಬೇಕಾದದ್ದು ಮಗು ಏನು ಕಲಿಯಬೇಕು ಎಂಬುದು. ಮೊದಲ ವರ್ಷ ಬರೀ ಕೇಳುವುದು, ಹೇಳುವುದು: ಬಂಧುಗಳ ಹೆಸರು, ಅಡುಗೆ, ದನಕರು. ಎರಡನೇ ವರ್ಷ ತೀಜ್, ಹೋಳಿಯ ಲೇಂಗಿ, ದೀಪಾವಳಿಯ ಮೇರಾ. ಮೂರನೇ ವರ್ಷ ಸೇವಾಲಾಲರ ಕಥೆ ಮತ್ತು ಅರದಾಸ್. ಬರವಣಿಗೆ ಮಾತ್ರ ಆ ಮಗು ಶಾಲೆಯಲ್ಲಿ ಕಲಿತ ಲಿಪಿಯಲ್ಲಿ. ಸೇಡಮ್ಮಿನಿಂದ ಪುಣೆಗೆ ಹೋದ ಹುಡುಗಿ ಅದೇ ಪಾಠವನ್ನು ದೇವನಾಗರಿಯಲ್ಲಿ ಮುಂದುವರಿಸಬಹುದು. ಪ್ರೋಟೋಕಾಲ್ ಒಂದೇ ಇದ್ದರೆ ಸಾಕು, ಹಾರ್ಡ್‌ವೇರ್ ಯಾವ ಕಂಪನಿಯದಾದರೇನು?

ಒಂದು ಭಯವೂ ಇದೆ. ಯಾರೋ ನಾಲ್ಕು ಜನ ಕೂತು ‘ಶುದ್ಧ’ ಗೋರ್ ಬೋಲಿ ಇದೇ ಅಂತ ಅಚ್ಚು ಹಾಕಿಸಿದರೆ, ಮರುದಿನವೇ ನಮ್ಮ ಅಜ್ಜಿಯ ಮಾತು ತಪ್ಪಾಗುತ್ತದೆ. ಸೇಡಂ ತಾಲೂಕಿನ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿ. 9ನೇ ಶತಮಾನದಲ್ಲಿ ಅಮೋಘವರ್ಷನ ಆಸ್ಥಾನದಿಂದ ಬಂದ ‘ಕವಿರಾಜಮಾರ್ಗ’ ಕನ್ನಡ ಕಾವ್ಯಕ್ಕೆ ದಾರಿ ತೋರಿಸಿತು. ಕನ್ನಡ ಊರೂರಿಗೆ ಬೇರೆ ಬೇರೆಯಾಗಿತ್ತು ಅನ್ನುವುದನ್ನೂ ಅದೇ ಪುಸ್ತಕ ಹೇಳುತ್ತದೆ. ನಮ್ಮ ಸಿಲಬಸ್ಸಿಗೂ ಆ ಮಾತು ಸಲ್ಲುತ್ತದೆ: ಪಾಠದ ಹೆಸರು ಒಂದೇ ಇರಲಿ, ಅರದಾಸನ್ನು ಮಗು ತನ್ನ ತಾಂಡಾದ ನುಡಿಯಲ್ಲೇ ಕಲಿಯಲಿ.

ಹೇಳಿಕೊಡುವ ಹಿರಿಯರು ವರ್ಷವರ್ಷಕ್ಕೆ ಕಡಿಮೆ ಆಗ್ತಿದ್ದಾರೆ. ಅದಕ್ಕೇ ಈ ರಜೆಯಲ್ಲಿ ಒಬ್ಬೊಬ್ಬರು ಒಂದೊಂದು ತಾಂಡಾದ ಅರದಾಸ್ ರೆಕಾರ್ಡ್ ಮಾಡಿಕೊಂಡು ಬರೋದು ಅಂತ ಮಾತಾಗಿದೆ. ಕೈ ಬೇಕು. ನಿಮ್ಮ ಬ್ರಾಂಚಿನಲ್ಲಿ ಗೋರ್ ಬೋಲಿ ಮಾತಾಡೋರು ಯಾರೂ ಇಲ್ಲ ಅಂತೀರಾ? ರಾತ್ರಿ ಮನೆಯಿಂದ ಫೋನ್ ಬಂದ ಕೂಡಲೇ ಕಾರಿಡಾರಿನ ತುದಿಗೆ ಹೋಗಿ ಮೆಲ್ಲಗೆ ಮಾತಾಡುವವರನ್ನು ಕೇಳಿ ನೋಡಿ, ಸಿಗ್ತಾರೆ.