ಜೇಬಿನ ಚಾಕು

ನನ್ನ ಬಲಗೈ ತೋರುಬೆರಳಿನ ಮೇಲೆ ಹಳೆಯ ಗಾಯದ ಗುರುತಿದೆ. ಹುಡುಗನಾಗಿದ್ದಾಗ ಮಾವಿನಕಾಯಿಗೆ ಚಾಕುವಿನ ತುದಿ ಚುಚ್ಚಿ ಒತ್ತಿದ್ದೆ. ಅದು ತಟ್ಟನೆ ಮಡಚಿಕೊಂಡು ಬೆರಳು ಕೊಯ್ದಿತ್ತು.

ಮೊನ್ನೆ ಮಗ ಒಪಿನೆಲ್ ಚಾಕು ತಂದುಕೊಟ್ಟ. ಫ್ರಾನ್ಸಿನ ಜೋಸೆಫ್ ಒಪಿನೆಲ್ 1890ರಲ್ಲಿ ರೂಪಿಸಿದ ಮರದ ಹಿಡಿಯ ಚಾಕು ಅದು. 1955ರಲ್ಲಿ ಅದಕ್ಕೊಂದು ಲೋಹದ ಬಳೆ ಸೇರಿತು. ಅಲಗು ಬಿಚ್ಚಿ ಬಳೆ ತಿರುಗಿಸಿದರೆ ತಾನಾಗಿ ಮಡಚಿಕೊಳ್ಳದು.

ಎಂ.ಸಿ.ಸಿ. ಬಡಾವಣೆಯ ನಮ್ಮ ಮನೆಯಲ್ಲಿ ವಾರವಿಡೀ ಪೇರಲಹಣ್ಣು ಹೆಚ್ಚಿದೆ, ಪೆನ್ಸಿಲ್ ಹೆರೆದೆ. ಹರಿತವಾಗಿದೆ, ಆದರೆ ನೆನೆದರೆ ಮರ ಉಬ್ಬಿ ಅಲಗು ಬಿಗಿಯಾಗುತ್ತದೆ.

“ಅಜ್ಜ, ನನಗೂ ಕೊಡು” ಎಂದಳು ಮೊಮ್ಮಗಳು.

“ನಾನು ಪಕ್ಕದಲ್ಲಿದ್ದಾಗ ಮಾತ್ರ. ಮೊದಲು ಬಳೆ ತಿರುಗಿಸು. ಅಲಗು ಯಾವಾಗಲೂ ಮೈಯಿಂದ ಆಚೆಗೆ ಹೋಗಲಿ” ಎಂದೆ.

ಅವಳು ನನ್ನ ಬೆರಳಿನ ಗುರುತನ್ನು ಮುಟ್ಟಿ ನೋಡಿದಳು. ಆಮೇಲೆ ಬಳೆ ತಿರುಗಿಸಿದಳು.