ಕೆ-11ರಿಂದ ಕೆ-01ಕ್ಕೆ

ವಿಮಾನ ಇಳಿಯುವಾಗ ಕಿಟಕಿಯ ಕೆಳಗೆ ಕೊನೆಯ ಕ್ಷಣದವರೆಗೂ ನೀರೇ ನೀರು. ಒಸಾಕಾ ಕೊಲ್ಲಿಯೊಳಗೆ ಮಣ್ಣು ಕಲ್ಲು ಸುರಿದು ಎಬ್ಬಿಸಿದ ದ್ವೀಪದ ಮೇಲೆ ಕನ್ಸಾಯ್ ವಿಮಾನ ನಿಲ್ದಾಣವಿದೆ. 1994ರಲ್ಲಿ ಶುರುವಾದದ್ದು. ರೆಂಜೊ ಪಿಯಾನೊ ವಿನ್ಯಾಸದ ಟರ್ಮಿನಲ್ 1.7 ಕಿಲೋಮೀಟರ್ ಉದ್ದ. ದ್ವೀಪ ಈಗಲೂ ನಿಧಾನವಾಗಿ ಕುಸಿಯುತ್ತಲೇ ಇದೆ. ಅದಕ್ಕಾಗಿ ಕಂಬಗಳನ್ನು ಜಾಕ್‌ನಿಂದ ಎತ್ತಿ, ಬುಡಕ್ಕೆ ಉಕ್ಕಿನ ತಗಡು ಸೇರಿಸಿ, ಕಟ್ಟಡವನ್ನು ಮಟ್ಟವಾಗಿ ಉಳಿಸಿಕೊಳ್ಳುತ್ತಾರೆ. ಇಮಿಗ್ರೇಷನ್ ಸಾಲಿನಲ್ಲಿ ನಿಂತವರಿಗೆ ಇದರ ಸುಳಿವೇ ಹತ್ತುವುದಿಲ್ಲ. ಆ ಸಾಲು ಬೇಗ ಕರಗಬೇಕಾದರೆ ‘ವಿಸಿಟ್ ಜಪಾನ್ ವೆಬ್’ನಲ್ಲಿ ಮೊದಲೇ ವಿವರ ತುಂಬಿ, ಕ್ಯೂಆರ್ ಕೋಡನ್ನು ಫೋನಿನಲ್ಲಿ ಇಟ್ಟುಕೊಂಡಿರಬೇಕು.

ನನ್ನ ಸಮ್ಮೇಳನವಿದ್ದದ್ದು ಕ್ಯೋಟೊದಲ್ಲಿ. ನಿಲ್ದಾಣದೊಳಗಿಂದಲೇ ಹೊರಡುವ ಹರುಕಾ ರೈಲು ಸುಮಾರು ಎಂಬತ್ತು ನಿಮಿಷದಲ್ಲಿ ಕ್ಯೋಟೊ ಮುಟ್ಟಿಸುತ್ತದೆ. ಅಲ್ಲಿಂದ ಕರಸುಮಾ ಮಾರ್ಗದ ಮೆಟ್ರೊ. ಕ್ಯೋಟೊ ನಿಲ್ದಾಣದ ಸಂಖ್ಯೆ ಕೆ-11; ಸಮ್ಮೇಳನ ಭವನವಿರುವ ಕೊಕುಸಾಯ್ಕಾಯ್ಕನ್ ಉತ್ತರದ ತುದಿಯ ಕೊನೆಯ ನಿಲ್ದಾಣ, ಕೆ-01. ಒಂದಕ್ಷರ ಜಪಾನಿ ಬಾರದ ನಾನು ಆ ಸಂಖ್ಯೆ ಇಳಿಯುವುದನ್ನೇ ನೋಡುತ್ತ ಕೂತೆ. ಹತ್ತು, ಒಂಬತ್ತು, ಎಂಟು. ಯಾರನ್ನೂ ಏನೂ ಕೇಳಬೇಕಾಗಲಿಲ್ಲ. ಇಕೋಕಾ ಕಾರ್ಡನ್ನು ವಿಮಾನ ನಿಲ್ದಾಣದಲ್ಲೇ ಕೊಂಡರೆ ಸಾಮಾನ್ಯ ರೈಲು, ಮೆಟ್ರೊ, ಬಸ್ಸು, ಅನೇಕ ಅಂಗಡಿ ಎಲ್ಲದಕ್ಕೂ ಅದೇ ಸಾಕು. ನಗರದ ಬಸ್ಸಿಗೆ ಮಾತ್ರ ಹಿಂದಿನ ಬಾಗಿಲಿಂದ ಹತ್ತಿ, ಇಳಿಯುವಾಗ ಚಾಲಕನ ಪಕ್ಕದಲ್ಲಿ ದುಡ್ಡು ಕೊಡುವುದು ವಾಡಿಕೆ.

ಪ್ಲಾಟ್‌ಫಾರ್ಮಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ನೆಲದ ಹಳದಿ ಪಟ್ಟಿ. ಉದ್ದ ಗೆರೆ ಇದ್ದಲ್ಲಿ ಮುಂದೆ ನಡೆ, ಗುಂಡು ಉಬ್ಬು ಇದ್ದಲ್ಲಿ ಎಚ್ಚರ: ಕಣ್ಣು ಕಾಣದವರ ಪಾದಕ್ಕೆ, ಕೋಲಿಗೆ ತಿಳಿಯುವ ಬರಹ ಇದು. ಸೆಯಿಚಿ ಮಿಯಾಕೆ ಎಂಬವರು ರೂಪಿಸಿದ ಈ ಹಾಸನ್ನು ಮೊದಲ ಸಲ ಹಾಕಿದ್ದು 1967ರಲ್ಲಿ, ಒಕಾಯಾಮಾದ ಅಂಧರ ಶಾಲೆಯೊಂದರ ಬಳಿ. ಬೆಂಗಳೂರಿನ ಮೆಟ್ರೊದಲ್ಲಿ ನಾನು ದಿನಾ ತುಳಿದು ದಾಟುವ ಹಳದಿ ಹಾಸಿನ ತವರು ಇದೇ ದೇಶ! ಆ ಉಬ್ಬುಗಳ ಮೇಲೆ ಬೇಕೆಂದೇ ನಾಲ್ಕು ಹೆಜ್ಜೆ ನಡೆದೆ. ಅಪರಿಚಿತನೊಬ್ಬ ಇಲ್ಲಿಗೆ ಬರುತ್ತಾನೆ, ಅವನಿಗೆ ಏನು ತೊಡಕಾದೀತು ಎಂದು ಯಾರೋ ಮೊದಲೇ ಕೂತು ಯೋಚಿಸಿದ್ದಾರೆ. ಕ್ಯೋಟೊದಲ್ಲಿ ಇದ್ದಷ್ಟು ಕಾಲವೂ ಈ ಭಾವ ನನ್ನನ್ನು ಬಿಡಲಿಲ್ಲ.

ಭವನವಂತೂ ಕಂಡವರ ಕಣ್ಣರಳಿಸುತ್ತದೆ. ಸಚಿಯೊ ಒತಾನಿ ಎಂಬ ವಾಸ್ತುಶಿಲ್ಪಿಯ ಕೃತಿ, 1966ರಲ್ಲಿ ತೆರೆಯಿತು. ನೆಟ್ಟಗೆ ನಿಂತ ಗೋಡೆಗಾಗಿ ಹುಡುಕಬೇಕು. ಕಂಬಗಳೂ ಓರೆ, ಗೋಡೆಗಳೂ ಓರೆ. ಇಡೀ ಕಟ್ಟಡ ಒಂದರೊಳಗೊಂದು ಹೆಣೆದುಕೊಂಡ ಕಾಂಕ್ರೀಟಿನ ಇಳಿಜಾರುಗಳೇ. ಪಕ್ಕದಲ್ಲಿ ತಕರಗಾಯ್ಕೆ ಕೆರೆ, ದೂರದಲ್ಲಿ ಹಿಯೇಯ್ ಬೆಟ್ಟ. 1997ರ ಡಿಸೆಂಬರಿನಲ್ಲಿ ಹವಾಮಾನದ ಕುರಿತ ಕ್ಯೋಟೊ ಒಪ್ಪಂದಕ್ಕೆ ಜಗತ್ತಿನ ದೇಶಗಳು ಒಪ್ಪಿಗೆ ಕೊಟ್ಟದ್ದು ಈ ಸೂರಿನಡಿಯಲ್ಲೇ. ಪ್ರಬಂಧ ಮಂಡಿಸಲು ಬಂದವನ ಬೆನ್ನು ತಾನಾಗಿ ನೆಟ್ಟಗಾಯಿತು.

ಊಟದ ವಿಷಯ ಸಸ್ಯಾಹಾರಿಗಳು ಗಮನವಿಟ್ಟು ಓದಬೇಕು. ತಟ್ಟೆಯಲ್ಲಿ ಬರೀ ತರಕಾರಿ ಕಂಡರೂ ಸಾರಿನ ಮೂಲ ‘ದಶಿ’. ಬಹುತೇಕ ಒಣಮೀನಿನ ಚೂರುಗಳಿಂದ ತೆಗೆದದ್ದು. ಮಿಸೊ ಸೂಪು, ಸೋಬಾ ಶ್ಯಾವಿಗೆಯ ಅದ್ದುಸಾರು ಎಲ್ಲದರಲ್ಲೂ ಅದಿರುತ್ತದೆ. ಮೀನಿನ ದಶಿಯೂ ಬೇಡ ಎಂದು ಜಪಾನಿಯಲ್ಲಿ ಬರೆಸಿದ ಚೀಟಿಯೊಂದು ಜೇಬಿನಲ್ಲಿರಲಿ. ನನ್ನನ್ನು ಉಳಿಸಿದ್ದು ಬೌದ್ಧ ದೇಗುಲಗಳ ‘ಶೋಜಿನ್ ರ್‍ಯೋರಿ’. ನಮ್ಮ ಮಠದ ಊಟದ ಹಾಗೆ ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಎಳ್ಳಿನ ತೋಫು, ಬೇಯಿಸಿದ ಗೆಡ್ಡೆ, ಉಪ್ಪಿನಕಾಯಿ ಪುಟ್ಟ ಪುಟ್ಟ ಬಟ್ಟಲುಗಳಲ್ಲಿ ಬರುತ್ತವೆ. ಊಟವಾದ ಮೇಲೆ ಟಿಪ್ಸ್ ಇಡಬೇಡಿ, ಆ ಪದ್ಧತಿಯೇ ಅಲ್ಲಿಲ್ಲ.

ಸಣ್ಣ ಅಂಗಡಿಗಳಿಗೆ ನಗದು ಬೇಕು. ಸೆವೆನ್ ಇಲೆವೆನ್ ಅಂಗಡಿಯ ಎಟಿಎಂ ಹೊರದೇಶದ ಕಾರ್ಡಿಗೂ ಹಣ ಕೊಡುತ್ತದೆ. 2024ರಲ್ಲಿ ಬಂದ ಹೊಸ ಸಾವಿರ ಯೆನ್ ನೋಟು ಸಿಕ್ಕರೆ ಬೆಳಕಿಗೆ ಹಿಡಿದು ಅತ್ತಿತ್ತ ವಾಲಿಸಿ ನೋಡಿ: ಹೊಲೊಗ್ರಾಮಿನಲ್ಲಿರುವ ಶಿಬಾಸಬುರೊ ಕಿತಸಾತೊ ಮುಖ ತಿರುಗಿಸುತ್ತಾರೆ. 1889ರಲ್ಲಿ ಧನುರ್ವಾಯುವಿನ ರೋಗಾಣುವನ್ನು ಶುದ್ಧವಾಗಿ ಬೆಳೆಸಿ ತೋರಿಸಿದ ವಿಜ್ಞಾನಿ ಅವರು. ಹಿಂಬದಿಯಲ್ಲಿ ಚಿತ್ರಕಾರ ಹೊಕುಸಾಯ್‌ನ ಅಲೆ. ಕಾಫಿಗೆ ಕೊಡಲು ತೆಗೆದ ನೋಟನ್ನು ನಾನು ಮತ್ತೆ ಒಳಗಿಟ್ಟು ಚಿಲ್ಲರೆ ಹುಡುಕಿದೆ.

ಹೊರಡುವ ಮುಂಚಿನ ಕೆಲಸಗಳನ್ನು ಚುಟುಕಾಗಿ ಹೇಳುತ್ತೇನೆ. ಭಾರತೀಯರಿಗೆ ವೀಸಾ ಬೇಕು. ಸಂಘಟಕರಿಂದ ಆಹ್ವಾನ ಪತ್ರ ಮತ್ತು ದಿನದಿನದ ಕಾರ್ಯಕ್ರಮ ಪಟ್ಟಿಯನ್ನು ಬೇಗ ತರಿಸಿಕೊಳ್ಳಿ. ಅಲ್ಲಿನ ವಿದ್ಯುತ್ 100 ವೋಲ್ಟ್, ಪ್ಲಗ್ಗಿಗೆ ಎರಡು ಚಪ್ಪಟೆ ಕಡ್ಡಿ; ನಮ್ಮ ದುಂಡು ಪಿನ್ನಿಗೆ ಅಡಾಪ್ಟರ್ ಬೇಕು. ಸ್ಯೂಡೊಎಫಿಡ್ರಿನ್ ಶೇ. 10ಕ್ಕಿಂತ ಹೆಚ್ಚಿರುವ ಶೀತದ ಮಾತ್ರೆ ಅಲ್ಲಿ ನಿಷಿದ್ಧ. ಹಣ್ಣು, ಹಸಿ ಸೊಪ್ಪು ಚೀಲದಲ್ಲಿ ಬೇಡ. ಗಡಿಯಾರ ಮೂರೂವರೆ ಗಂಟೆ ಮುಂದಿರುತ್ತದೆ, ಮನೆಗೆ ಫೋನು ಮಾಡುವಾಗ ನೆನಪಿರಲಿ.

ಸಮ್ಮೇಳನ ಮುಗಿದ ಮರುದಿನವೇ ವಿಮಾನ ಹತ್ತಬೇಡಿ ಎಂಬುದು ನನ್ನ ಕಳಕಳಿಯ ಮಾತು. ಭವನದಿಂದ ನಡೆದೇ ಹೋಗಬಹುದಾದ ತಕರಗಾಯ್ಕೆ ನಿಲ್ದಾಣದಲ್ಲಿ ಪುಟ್ಟ ಏಯ್ಜಾನ್ ರೈಲು ಸಿಗುತ್ತದೆ. ಮೇಪಲ್ ಮರಗಳ ಕಮಾನಿನಡಿ ಹಾದು ಕುರಾಮಾ ಸೇರಿಸುತ್ತದೆ. ಅಲ್ಲಿಂದ ಬೆಟ್ಟ ದಾಟಿ ಕಿಬುನೆಗೆ ಇಳಿಯುವ ಕಾಲುದಾರಿಯಲ್ಲಿ ಮರಗಳ ಬೇರು ನೆಲದೊಳಗೆ ಹೋಗದೆ ಮೇಲೆಯೇ ಹರಡಿಕೊಂಡಿದೆ. ಅಡಿಯ ಬಂಡೆ ಅಷ್ಟು ಗಟ್ಟಿ. ಒಂದು ಬೇರನ್ನು ಮೆಟ್ಟದೆ ಇನ್ನೊಂದನ್ನು ದಾಟುವುದೇ ಕಷ್ಟವಾಗುವಷ್ಟು ದಟ್ಟವಾದ ಹೆಣಿಗೆ. ಹಿಡಿತವಿರುವ ಬೂಟು ಬೇಕು, ಮಳೆಯಾಗಿದ್ದರೆ ಇನ್ನಷ್ಟು ಜೋಕೆ. ಕೆಳಗಿಳಿದರೆ ಕಿಬುನೆಗುಚಿಯಲ್ಲಿ ಅದೇ ರೈಲು ವಾಪಸು ಕರೆದೊಯ್ಯುತ್ತದೆ. ಈ ಒಂದು ದಿನವನ್ನೂ ವೀಸಾ ಅರ್ಜಿಯ ದಿನಚರಿಯಲ್ಲೇ ಸೇರಿಸಿ ಬರೆದುಬಿಡಿ.